ಹೊಂಡದ ನೀರಿಗೆ ಇಳಿದ ವೈನಿ

ವೈನಿ ನೀರಿಗೆ ಇಳಿದಾಗ ನಾನು ಬೇಡ ಅನ್ನಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲಿನ ಒಂದೂವರೆ ತಿಂಗಳು ನಾನು ಪಟ್ಟ ಹೆದರಿಕೆಗೆಲ್ಲ ಬುಡ ಅಲ್ಲೇ ಇದೆ.

ಆಗ ನಾನು ಕೊಲ್ಹಾಪುರದಲ್ಲಿ ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಸಿಹಿನೀರಿನ ಬಸವನಹುಳುವಿನ ಮೈಯೊಳಗೆ ಚಪ್ಪಟೆ ಹುಳುವಿನ ಮರಿ ಹೊಕ್ಕರೆ ಬಸವನಹುಳುವಿನ ರಕ್ತ ಅದನ್ನು ಹೇಗೆ ಎದುರಿಸುತ್ತದೆ ಎಂಬುದು ನನ್ನ ವಿಷಯ. ಈ ಚಪ್ಪಟೆ ಹುಳುಗಳು ದನ, ಎಮ್ಮೆ, ಕುರಿಗಳ ಮೈಯಲ್ಲಿ ಬದುಕುತ್ತವೆ. ಅವುಗಳ ತತ್ತಿ ನೀರಿಗೆ ಬೀಳುತ್ತದೆ. ತತ್ತಿಯಿಂದ ಹೊರಬಂದ ಮರಿ ಒಂದು ಬಸವನಹುಳುವನ್ನು ಹುಡುಕಿ ಅದರೊಳಗೆ ಹೊಕ್ಕು, ಒಂದು ಹೋಗಿ ಸಾವಿರವಾಗಿ ಹೊರಗೆ ಬರುತ್ತದೆ. ಆ ಸಾವಿರ ಮತ್ತೆ ದನಗಳ ಮೈಯನ್ನು ಅರಸುತ್ತವೆ. ಹಾಗಾಗಿ ನನಗೆ ಬೇಕಾದ ಬಸವನಹುಳುಗಳು ದನ ಇಳಿಯುವ ಹೊಂಡಗಳಲ್ಲೇ ಸಿಗುತ್ತಿದ್ದವು.

ಗಡಹಿಂಗ್ಲಜದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ನನ್ನ ದೊಡವ್ವ, ಅಂದರೆ ಅವ್ವನ ಅಕ್ಕ, ಇದ್ದಳು. ಅವರ ಕಬ್ಬಿನ ಹೊಲದ ಬದಿಗೇ ಅಂಥದೊಂದು ಹೊಂಡ. ದೊಡವ್ವನ ಮಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅರೆಯುವ ಹಂಗಾಮು ಶುರುವಾದರೆ ಮನೆಗೆ ಬಂದು ಉಂಡು ಮಲಗುವುದಷ್ಟೇ ಅವನಿಂದ ಆಗುತ್ತಿತ್ತು. ಅವನ ಹೆಂಡತಿಯೇ ವೈನಿ, ಅಂದರೆ ನನ್ನ ಅತ್ತಿಗೆ. ಸಂಬಂಧದಲ್ಲಿ ದೊಡ್ಡವಳು, ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ಮದುವೆಯಾಗಿ ಐದು ವರ್ಷಕ್ಕೆ ಮೊದಲ ಬಸಿರು, ಆಗ ಐದು ತಿಂಗಳು ತುಂಬಿತ್ತು.

ದೀಪಾವಳಿ ಮುಗಿದ ವಾರ. ಮುಂಜಾನೆಯ ಚಳಿ ಬಿಟ್ಟು ಬಿಸಿಲು ಏರಿದ ಹೊತ್ತಿಗೆ ನಾನು ಬಲೆ, ಡಬ್ಬಿ, ಮೊಣಕಾಲು ಮುಟ್ಟುವ ರಬ್ಬರ್ ಬೂಟು, ಕೈಗವಸು ಎಲ್ಲ ತೆಗೆದುಕೊಂಡು ಹೊಂಡಕ್ಕೆ ಹೋದೆ. ವೈನಿ ಎಮ್ಮೆ ಹೊಡೆದುಕೊಂಡು ಬಂದಳು. ಅರ್ಧ ತಾಸು ನಾನು ಬಲೆ ಎಳೆದರೂ ಡಬ್ಬಿಯ ತಳ ಮುಚ್ಚುವಷ್ಟೂ ಸಿಗಲಿಲ್ಲ. ದಂಡೆಯ ಮೇಲೆ ನಿಂತು ನೋಡುತ್ತಿದ್ದ ಅವಳಿಗೆ ನಗು ಬಂತು.

"ಅಕ್ಕಾರ, ಅಲ್ಲೇನ ಹುಡುಕಾಕತ್ತೀರಿ? ಗೋಗಲಗಾಯಿ ಅಷ್ಟೂ ಆ ಜೊಂಡಿನ ಬುಡಕ್ಕ ಕುಂತಿರತಾವ. ತಡೀರಿ, ನಾ ತಗದ ಕೊಡ್ತೇನಿ."

ಬಸವನಹುಳುವಿಗೆ ಅಲ್ಲಿ ಮರಾಠಿ ಕನ್ನಡ ಯಾವ ಮನೆಯಲ್ಲೂ ಗೋಗಲಗಾಯಿ ಎಂದೇ ಹೆಸರು. ಅವಳು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೀರಿಗೆ ಇಳಿದಳು. ನನ್ನ ಕಾಲಲ್ಲಿ ಬೂಟಿತ್ತು, ಕೈಯಲ್ಲಿ ಗವಸಿತ್ತು. ಅವು ಯಾಕೆ ಬೇಕು ಎಂದು ನನಗೆ ಗೊತ್ತಿತ್ತು. ಇಂಥ ನೀರಿನಲ್ಲಿ ಚರ್ಮ ಕೊರೆದು ಒಳಹೋಗುವ ಜಾತಿಯ ಹುಳುಗಳೂ ಇರಬಹುದು ಎಂದು ಮೊದಲ ವರ್ಷವೇ ನಮಗೆ ಕಲಿಸಿದ್ದರು. ನಾನು ಬಾಯಿ ತೆರೆಯಲಿಲ್ಲ. ಎರಡು ವರ್ಷ ಬೇರೆ ಬೇರೆ ಹೊಂಡ ನೋಡಿದ್ದೆ, ಆ ಜಾತಿ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳು ಬಗ್ಗಿ ಜೊಂಡಿನ ಬುಡದಿಂದ ಮುಷ್ಟಿ ಮುಷ್ಟಿಯಾಗಿ ತೆಗೆದು ಕೊಡುತ್ತಿದ್ದಳು, ಡಬ್ಬಿ ತುಂಬುತ್ತಿತ್ತು, ನನಗೆ ಖುಷಿಯಾಗಿತ್ತು. ಇಪ್ಪತ್ತು ನಿಮಿಷ ಅವಳು ನೀರಿನಲ್ಲಿದ್ದಳು.

ಮಧ್ಯಾಹ್ನ ಊಟ ಮಾಡಿ ಕೊಲ್ಹಾಪುರದ ಎಸ್.ಟಿ. ಬಸ್ಸು ಹತ್ತಿದೆ. ಕಾಗಲ್ ದಾಟುವ ಹೊತ್ತಿಗೆ ಎಡಗಾಲಿನ ಹಿಮ್ಮಡಿಯ ಮೇಲೆ ಕಡಿತ ಶುರುವಾಯಿತು. ಸೊಳ್ಳೆ ಅಂದುಕೊಂಡೆ. ಕೋಣೆಗೆ ಬಂದು ನೋಡಿದರೆ ಸಣ್ಣ ಕೆಂಪು ಗುಳ್ಳೆಗಳು, ಒಂದೊಂದೂ ಸೂಜಿ ಚುಚ್ಚಿದಷ್ಟು, ಬೇರೆಬೇರೆಯಾಗಿ. ಎಡ ಬೂಟನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಹಿಮ್ಮಡಿಯ ಹತ್ತಿರ ರಬ್ಬರ್ ಬಿರಿದಿತ್ತು. ಒಳಗೆ ಇನ್ನೂ ಒದ್ದೆ.

ಮರುದಿನ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಆ ಬಸವನಹುಳುಗಳನ್ನು ಒಂದೊಂದಾಗಿ ಗಾಜಿನ ಬಟ್ಟಲುಗಳಲ್ಲಿ ನೀರು ಹಾಕಿ ದೀಪದ ಕೆಳಗಿಟ್ಟೆ. ಸೋಂಕಿದ್ದರೆ ಬೆಳಕು ಬಿದ್ದ ಮೇಲೆ ಹುಳುವಿನ ಮರಿಗಳು ತಾವೇ ಹೊರಬರುತ್ತವೆ. ಒಂದು ತಾಸಿನ ನಂತರ ನೋಡಿದೆ. ಹೆಚ್ಚಿನ ಬಟ್ಟಲುಗಳ ನೀರು ತಿಳಿಯಾಗಿತ್ತು. ಮೂರು ಬಟ್ಟಲುಗಳಲ್ಲಿ ಮಾತ್ರ ಹಿಟ್ಟು ಉದುರಿಸಿದ ಹಾಗೆ ಏನೋ ತೇಲುತ್ತಿತ್ತು, ಅಲುಗುತ್ತಿತ್ತು. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಾಲದ ತುದಿ ಎರಡು ಕವಲಾಗಿ ಒಡೆದಿತ್ತು. ಇನ್ನೊಂದು ಹನಿ ತೆಗೆದೆ, ಅದರಲ್ಲೂ ಕವಲು. ಬಾಲ ಕವಲೊಡೆದ ಮರಿಗಳಲ್ಲಿ ಹಲವು ರಕ್ತನಾಳದಲ್ಲಿ ಬದುಕುವ ಜಾತಿಯವು. ಅವಕ್ಕೆ ಬಾಯಿಯ ದಾರಿ ಬೇಡ, ಚರ್ಮ ಸಾಕು. ಕೆಲವೇ ನಿಮಿಷದಲ್ಲಿ ಒಳಗೆ ಹೋಗುತ್ತವೆ.

ನನ್ನ ಹಿಮ್ಮಡಿಯ ಗುಳ್ಳೆಗಳನ್ನು ಎಣಿಸಿದೆ. ಹದಿಮೂರು. ಸಣ್ಣ ಬಿರುಕಿನಿಂದ ಒಳಬಂದ ನೀರಿಗೆ ಹದಿಮೂರು. ವೈನಿ ಮೊಣಕಾಲಿನ ತನಕ, ಮೊಣಕೈ ತನಕ ನೀರಿನಲ್ಲಿದ್ದಳು.

ಇಲ್ಲಿ ನಾನು ಎರಡು ವರ್ಷದಿಂದ ಏನು ನೋಡುತ್ತಿದ್ದೆ ಎಂದು ಹೇಳಬೇಕು. ಇಲ್ಲವಾದರೆ ನಾನು ಹೆದರಿದ್ದು ಅತಿ ಅನ್ನಿಸಬಹುದು. ನಾನು ಸಾಕಿದ ಬಸವನಹುಳು ತಟ್ಟೆಯಂತೆ ಸುರುಳಿ ಸುತ್ತಿದ ಚಿಪ್ಪಿನದು, ಅದರ ರಕ್ತ ನಮ್ಮ ರಕ್ತದ ಹಾಗೆಯೇ ಕೆಂಪು. ಚಿಪ್ಪಿನ ಬಾಯಲ್ಲಿ ಮೆಲ್ಲಗೆ ತಿವಿದರೆ ಅದು ಮೈ ಒಳಗೆಳೆದುಕೊಂಡು ಒಂದು ಹನಿ ರಕ್ತ ಬಿಡುತ್ತದೆ. ಆ ಹನಿಯನ್ನು ಗಾಜಿನ ಮೇಲೆ ಹಾಕಿದರೆ ಅದರೊಳಗಿನ ಕಣಗಳು ಅಂಟಿಕೊಂಡು, ಬೆರಳು ಚಾಚಿದ ಹಾಗೆ ಹರಡುತ್ತವೆ. ಅದರ ಪಕ್ಕ ಹುಳುವಿನ ಮರಿಯನ್ನು ಬಿಟ್ಟರೆ, ಗಟ್ಟಿ ಬಸವನಹುಳುವಿನ ಕಣಗಳು ನಾಲ್ಕೂ ಕಡೆಯಿಂದ ಬಂದು ಮರಿಯನ್ನು ಹಿಡಿಯುತ್ತವೆ. ಒಂದರ ಮೇಲೊಂದು ಏರಿ ಪದರ ಪದರವಾಗಿ ಸುತ್ತುತ್ತವೆ. ಮರಿ ಒದ್ದಾಡುತ್ತದೆ, ಮರುದಿನ ಅಲುಗುವುದಿಲ್ಲ. ಇದನ್ನು ಮೊದಲ ಸಲ ನೋಡಿದಾಗ ನಾನು ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ಆದರೆ ಎಲ್ಲ ಬಸವನಹುಳುಗಳೂ ಗೆಲ್ಲುವುದಿಲ್ಲ. ಅದೇ ಜಾತಿ, ಅದೇ ತೊಟ್ಟಿ, ಆದರೂ ಕೆಲವದರ ಕಣಗಳು ಮರಿಯ ಹತ್ತಿರ ಬಂದು, ಮುಟ್ಟಿ, ಚಾಚಿದ ಬೆರಳನ್ನು ಒಳಗೆಳೆದುಕೊಂಡು ಗುಂಡಗಾಗಿ ಜಾರಿಬಿಡುತ್ತವೆ. ಮರಿ ಏನೋ ಒಂದನ್ನು ಬಿಟ್ಟು ಅವುಗಳ ಹಿಡಿತ ಕೆಡಿಸುತ್ತದೆ. ಹೀಗೆ ಸೋತ ಬಸವನಹುಳುವನ್ನು ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ತಿನ್ನುತ್ತದೆ, ಹರಿದಾಡುತ್ತದೆ, ಕೆಲವೊಮ್ಮೆ ಉಳಿದವಕ್ಕಿಂತ ದೊಡ್ಡದಾಗಿಯೂ ಬೆಳೆಯುತ್ತದೆ. ತತ್ತಿ ಇಡುವುದನ್ನು ಮಾತ್ರ ನಿಲ್ಲಿಸುತ್ತದೆ. ಮೈಯೊಳಗೆ ತನ್ನ ಮರಿಗಳಿಗೆ ಬೇಕಾದ ಜಾಗದಲ್ಲೆಲ್ಲ ಹುಳುವಿನ ಮರಿಗಳು ತುಂಬಿಕೊಂಡಿರುತ್ತವೆ. ಈ ಮಾತನ್ನು ನನ್ನ ಟಿಪ್ಪಣಿಯಲ್ಲಿ ಎಷ್ಟೋ ಸಲ ಬರೆದಿದ್ದೆ. ಆ ದಿನ ಅದನ್ನೇ ಓದಲಾಗದೆ ವಹಿ ಮುಚ್ಚಿಟ್ಟೆ.

ಭಾನುವಾರ ಇಚಲಕರಂಜಿಯ ಮನೆಗೆ ಹೋದೆ. ಅಪ್ಪ ಬನಹಟ್ಟಿ ಕಡೆಯಿಂದ ಬಂದು ಮೂವತ್ತು ವರ್ಷ ಅಲ್ಲಿ ಪವರ್‌ಲೂಮ್ ನಡೆಸುತ್ತಿದ್ದವರು. ನಮ್ಮ ಓಣಿಯಲ್ಲಿ ಮಗ್ಗದ ಸದ್ದಿನೊಳಗೆ ಮಾತಾಡಬೇಕೆಂದರೆ ಮುಖ ನೋಡಿಕೊಂಡೇ ಆಡಬೇಕು. ಅದು ಆ ದಿನ ನನಗೆ ಕಷ್ಟವಾಯಿತು. ಅವ್ವ ಊಟಕ್ಕೆ ಬಡಿಸುತ್ತ ನನ್ನ ಕಾಲು ನೋಡಿದಳು.

"ಹಿಮ್ಮಡಕ್ಕ ಏನಾಗೇತಿ?"

"ಬೂಟು ಕಚ್ಚೇತವ್ವ."

"ಬೂಟು ಕಚ್ಚಿದ್ರ ಹಿಂಗ ಗುಳ್ಳಿ ಏಳತಾವೇನ? ಕೊಬ್ಬರಿ ಎಣ್ಣಿ ಹಚ್ಚು."

ಹಚ್ಚಿದೆ. ಆಮೇಲೆ ಮಾಳಿಗೆ ಏರಿ ವೈನಿಗೆ ಫೋನ್ ಮಾಡಿದೆ. ಸುಮ್ಮನೆ ಮಾತಾಡಿಸಿದ ಹಾಗೆ, ಎಮ್ಮೆ ಹೇಗಿದೆ, ಕಬ್ಬಿಗೆ ಗಾಡಿ ಬಂತೇ ಎಂದೆಲ್ಲ ಕೇಳಿದೆ. ಅವಳೇ ಹೇಳಿದಳು.

"ಅಕ್ಕಾರ, ಆವತ್ತಿಂದ ಕಾಲು ಕೈ ಎಲ್ಲಾ ಖಾಜ ಬಂದೈತ್ರಿ. ಮೊಣಕಾಲ ತನಕ ಕೆಂಪಗ ಆಗೇತಿ. ತವರಮನ್ಯಾಗ ಗದ್ದಿಗೆ ಇಳಿದಾಗೂ ಹಿಂಗ ಆಗತಿತ್ತು, ಬಿಡ್ರಿ. ಎಂಟ ದಿನ ಕಡದು ತಾನ ಹೋಗತೈತಿ."

ಅವಳ ತವರು ಆಜರಾ ಕಡೆಯ ಭತ್ತದ ಊರು. ಅವಳ ಮಟ್ಟಿಗೆ ಅದು ಬರೀ ತುರಿಕೆ. ಅವಳು ನಗುತ್ತಲೇ ಇದ್ದಳು. ನಾನು "ಕೆರಕೋಬ್ಯಾಡ್ರಿ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಮಾಳಿಗೆಯ ಗೋಡೆ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಕೆಳಗಿನಿಂದ ಅವ್ವ ಎರಡು ಸಲ ಕರೆದಳಂತೆ, ನನಗೆ ಕೇಳಿಸಲಿಲ್ಲ.

ಸೋಮವಾರ ಮ್ಯಾಡಂ ಮುಂದೆ ಎಲ್ಲ ಹೇಳಿದೆ. ಮ್ಯಾಡಂ ನನ್ನ ಮಾರ್ಗದರ್ಶಕರು. ಕುರುಂದವಾಡ ಕಡೆಯ ಜೈನ ಒಕ್ಕಲುತನದ ಮನೆಯವರು. ವಿಭಾಗದಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಬಸವನಹುಳುವನ್ನು ಸಾಯಿಸದೆ ರಕ್ತ ತೆಗೆಯುವುದನ್ನು ನನಗೆ ಕಲಿಸಿದವರು ಅವರೇ. ಒಂದು ಬಸವನಹುಳು ಸುಮ್ಮನೆ ಸತ್ತರೂ ಯಾಕೆ ಸತ್ತಿತು ಎಂದು ವಹಿಯಲ್ಲಿ ಬರೆಸುತ್ತಿದ್ದರು. ನನ್ನ ಮಾತು ಮುಗಿದ ಮೇಲೆ ಮೊದಲು ಬಟ್ಟಲುಗಳನ್ನು ನೋಡಿದರು, ಆಮೇಲೆ ನನ್ನ ಹಿಮ್ಮಡಿ ನೋಡಿದರು.

"ಬಸರಿ ಹೆಣ್ಣಮಗಳು ಅಂತ ಗೊತ್ತಿತ್ತಿಲ್ಲೋ ನಿನಗ?"

"ಗೊತ್ತಿತ್ರಿ."

"ಗೊತ್ತಿದ್ದೂ ನೀ ಬೂಟು ಹಾಕ್ಕೊಂಡು ಆಕಿನ್ನ ಬರಿಗಾಲಲೇ ಇಳಿಸಿದಿ."

ಅವರು ದನಿ ಏರಿಸಲಿಲ್ಲ, ಏರಿಸಿದ್ದರೆ ಚಲೋ ಇತ್ತು ಅನ್ನಿಸಿತು. ಕುರ್ಚಿ ಎಳೆದು ಕೂರಿಸಿದರು.

"ಕೇಳಿಲ್ಲೆ. ಇವು ದನದ ಹುಳ ಇದ್ರ ಹೆದರೂ ಕಾರಣ ಇಲ್ಲ. ಮನುಷ್ಯಾರ ಚರ್ಮಕ್ಕ ಹೊಕ್ಕರೂ ಮುಂದ ಹೋಗಾಕ ಅವಕ್ಕ ದಾರಿ ಸಿಗೂದಿಲ್ಲ. ನಮ್ಮ ಮೈಯಾನ ಕಣಗೋಳು ಅಲ್ಲೇ ಸುತ್ತಗಟ್ಟಿ ಕೊಲ್ಲತಾವ. ಆ ಕೊಲ್ಲೂದನ್ನ ನಾವು ತುರಿಕಿ ಅಂತೀವಿ. ಅಷ್ಟು ಜೋರ್ ಖಾಜ ಬಂದದ್ದು ಒಂದ ರೀತೀಲೆ ಚಲೋ ಗುರುತು."

"ಮನುಷ್ಯಾರ ಹುಳ ಇದ್ರ?"

"ನಮ್ಮ ಕಡೆ ಇಲ್ಲ. ಹಿಂದ ಕೊಂಕಣದಾಗ ಒಂದ ಹಳ್ಳಿಯೊಳಗ ಇತ್ತಂತ ಓದೇನಿ. ಇದು ದನದ್ದ ಇರತೈತಿ. ಆದ್ರ ಬರೇ ಬಾಲ ನೋಡಿ ನೂರಕ್ಕ ನೂರು ಹೇಳಾಕ ಬರೂದಿಲ್ಲ. ಆ ದನಗೋಳ್ನ ತಪಾಸ್ಬೇಕು. ಮದ್ಲ ನೀ ಹೋಗಿ ಆಕಿಗೆ ಹೇಳು. ಡಾಕ್ಟರ್‌ಗೆ ತೋರ್ಸು."

ಅವರ ಮಾತಿನಲ್ಲಿ ನನಗೆ ಕೇಳಿಸಿದ್ದು ಕೊನೆಯದಷ್ಟೇ. ನೂರಕ್ಕೆ ನೂರು ಹೇಳಲಾಗದು. ತೊಂಬತ್ತೊಂಬತ್ತು ನನ್ನ ಪಾಲಿಗೆ ಉಳಿಯಲಿಲ್ಲ, ಉಳಿದ ಒಂದೇ ತಲೆಯಲ್ಲಿ ಕೂತಿತು.

ನಾನು ಹೋಗಲಿಲ್ಲ. ಈ ವಾರ ಪರೀಕ್ಷೆಯ ಕೆಲಸ, ಮುಂದಿನ ವಾರ ತೊಟ್ಟಿ ತೊಳೆಯಬೇಕು ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಮ್ಯಾಡಂ "ಹೇಳಿದಿ?" ಎಂದು ಕೇಳಿದಾಗ "ಹೂಂನ್ರಿ" ಎಂದೆ. ಫೋನಿನಲ್ಲಿ ವೈನಿ ಖಾಜ ಕಡಿಮೆಯಾಗಿದೆ ಎಂದಳು. ಅದು ನನಗೆ ಸಮಾಧಾನ ಕೊಡಲಿಲ್ಲ. ಕಣಗಳು ಗೆದ್ದವೋ, ಬೆರಳು ಒಳಗೆಳೆದುಕೊಂಡು ಜಾರಿದವೋ, ಹೊರಗಿನಿಂದ ಹೇಗೆ ಗೊತ್ತಾಗಬೇಕು? ಪುಸ್ತಕದಲ್ಲಿ ಮನುಷ್ಯರ ಜಾತಿಯ ಹುಳುವಿನ ಬಗ್ಗೆ ಓದಿದೆ. ಹೊಕ್ಕ ಕೆಲವು ವಾರಕ್ಕೆ ಜ್ವರ, ಮೈಕೈ ನೋವು, ಕೆಮ್ಮು. ಓದಬಾರದಿತ್ತು. ನನ್ನ ಮೈ ಸ್ವಲ್ಪ ಬಿಸಿಯಾದರೂ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದೆ. ಸಣ್ಣ ಗಾಜಿನ ನಳಿಗೆ ಹಿಡಿದು ಬಸವನಹುಳುವಿನ ರಕ್ತ ತೆಗೆಯುವಾಗ ಎರಡು ಸಲ ಚಿಪ್ಪು ಒಡೆದೆ. ವಹಿಯಲ್ಲಿ ಕಾರಣ ಬರೆಯಬೇಕಿತ್ತು. ಅಜಾಗರೂಕತೆ ಎಂದು ಬರೆದೆ.

ಹದಿನೆಂಟನೆಯ ದಿನ ದೊಡವ್ವನ ಫೋನ್ ಬಂತು.

"ಮಗಳಾ, ನಿಮ್ಮ ವೈನಿಗೆ ಎರಡ ದಿನದಿಂದ ಜ್ವರ. ಥಂಡಿ ಹತ್ತಿ ಗಡಗಡ ನಡಗತಾಳ. ಗಡಹಿಂಗ್ಲಜಕ್ಕ ದವಾಖಾನಿಗೆ ಕರಕೊಂಡ ಬಂದೇವಿ. ನಿನ್ನ ನೆನಸಾಕತ್ಯಾಳ."

ಬಸ್ಸಿನಲ್ಲಿ ಕೂತ ಆ ಎರಡು ತಾಸು ನನ್ನ ಬದುಕಿನಲ್ಲೇ ಉದ್ದವಾದವು. ಹದಿನೆಂಟು ದಿನ, ಜ್ವರ, ನಡುಕ. ಪುಸ್ತಕದಲ್ಲಿ ಬರೆದದ್ದು ಬರೆದ ಹಾಗೆಯೇ ಬಂದಿತ್ತು. ಕಿಟಕಿಯ ಸರಳಿಗೆ ತಲೆ ಆನಿಸಿ, ಯಾವ ದೇವರ ಹೆಸರು ಹಿಡಿಯುವುದು ತಿಳಿಯದೆ, "ಆಕಿಗೆ ಏನೂ ಆಗಬಾರದು" ಎಂಬುದೊಂದನ್ನೇ ಬಾಯೊಳಗೆ ಹೇಳುತ್ತ ಹೋದೆ. ಪಕ್ಕದಲ್ಲಿದ್ದ ಅಜ್ಜಿ ಮರಾಠಿಯಲ್ಲಿ ನೀರು ಬೇಕೇ ಎಂದು ಕೇಳಿದಳು.

ದವಾಖಾನೆಯಲ್ಲಿ ವೈನಿ ಮಗ್ಗುಲಾಗಿ ಮಲಗಿದ್ದಳು. ತುಟಿ ಒಣಗಿತ್ತು. ನನ್ನನ್ನು ಕಂಡು "ಬಂದ್ರ್ಯಾ ಅಕ್ಕಾರ?" ಎಂದು ಕೈ ಚಾಚಿದಳು. ಆ ಕೈ ಹಿಡಿಯುವ ಮೊದಲೇ ನಾನು ಡಾಕ್ಟರ್ ಕಡೆ ತಿರುಗಿದೆ. ನಡುವಯಸ್ಸಿನ ಹೆಂಗಸು, ರಕ್ತದ ವರದಿ ಓದುತ್ತಿದ್ದರು. ದೊಡವ್ವ ಪಕ್ಕದಲ್ಲೇ ನಿಂತಿದ್ದಳು. ಅವಳ ಎದುರಿಗೇ ಹೇಳಿದೆ. ಹೊಂಡ, ಬಸವನಹುಳು, ಕವಲುಬಾಲದ ಮರಿ, ಬೂಟು, ಎಲ್ಲ.

ದೊಡವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರ, ನೀರಾಗ ಹುಳ ಇರತಾವ ಅಂತ ನಿನಗ ಮದ್ಲ ಗೊತ್ತಿತ್ತು?"

"ಇರಬಹುದು ಅಂತ ಗೊತ್ತಿತ್ತು ದೊಡವ್ವ."

"ಐದ ವರ್ಷಕ್ಕ ನಿಂತ ಬಸರ ಅದು." ಇಷ್ಟೇ ಅಂದಳು. ಆಮೇಲೆ ನನ್ನ ಕಡೆ ನೋಡದೆ ಸೊಸೆಯ ಹಾಸಿಗೆಯ ತುದಿಯಲ್ಲಿ ಹೋಗಿ ಕೂತಳು. ವೈನಿ ಕಣ್ಣು ಮುಚ್ಚಿಕೊಂಡಿದ್ದಳು, ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಡಾಕ್ಟರ್ ಹುಳುವಿನ ಹೆಸರನ್ನು ನನ್ನಿಂದ ಚೀಟಿಯ ಮೇಲೆ ಬರೆಸಿಕೊಂಡರು. "ಇಂಥ ಪೇಶಂಟ್ ನಾ ನೋಡಿಲ್ಲ" ಎಂದು ಒಪ್ಪಿಕೊಂಡರು. ವರದಿಯಲ್ಲಿ ಹುಳುಗಳಾದರೆ ಏರುವ ಒಂದು ಬಗೆಯ ಬಿಳಿಕಣ ಸ್ವಲ್ಪ ಏರಿತ್ತು. ಅದನ್ನು ನಾನು ಅವರ ಭುಜದ ಮೇಲಿನಿಂದ ಓದಿಬಿಟ್ಟಿದ್ದೆ. ಅವರು ನನ್ನ ಮುಖ ನೋಡಿ, "ಹಳ್ಳಿಯೊಳಗ ಅರ್ಧ ಮಂದಿಗೆ ಇದು ಇಷ್ಟ ಇರತೈತಿ. ಲಗೂನ ಹೆದರಬ್ಯಾಡ್ರಿ. ಮೂತ್ರದ ರಿಪೋರ್ಟ್ ಇನ್ನೂ ಬರಬೇಕು" ಎಂದರು. ಹುಳುವಿನ ಔಷಧವನ್ನು ಬಸುರಿಗೆ ಖಾತ್ರಿಯಿಲ್ಲದೆ ಕೊಡುವುದಿಲ್ಲ ಎಂದರು. ಖಾತ್ರಿ ಮಾಡಿಕೊಂಡು ಬರುವುದು ನನ್ನ ಕೆಲಸವಾಯಿತು.

ಮ್ಯಾಡಂಗೆ ಫೋನ್ ಮಾಡಿದೆ. ಸುಳ್ಳು ಹೇಳಿದ್ದೆ ಎಂಬುದನ್ನೂ ಹೇಳಿದೆ. ಅವರು "ಅದರ ಬಗ್ಗೆ ಆಮ್ಯಾಲೆ ಮಾತಾಡೂಣು. ಹೊಂಡಕ್ಕ ಯಾವ್ಯಾವ ದನ ಇಳೀತಾವ ನೋಡು. ಯಾವದಾರ ದನ ಗೊರಕಿ ಹೊಡದಂಗ ಉಸರಾಡತೈತೇನು ಕೇಳು" ಎಂದರು.

ಹಳ್ಳಿಗೆ ಹೋಗಿ ಮನೆಮನೆ ಕೇಳಿದೆ. ಹೊಂಡದ ಆಚೆ ದಂಡೆಯ ಮನೆಯ ಮುದುಕ ಕೇಳಿದ ಕೂಡಲೇ ತಲೆ ಆಡಿಸಿದ. "ಐತ್ರಿ ಬಾಯಾರ, ನಮ್ಮ ಎತ್ತು. ಎರಡ ವರ್ಷದಿಂದ ಮೂಗಿನ್ಯಾಗ ಗುರ್‌ಗುರ್ ಅಂತೈತಿ. ಥಂಡಿ ಹಿಡದೈತಿ ಅಂತ ಬಿಟ್ಟೇವಿ."

ಗೋದಲಿಯ ಹತ್ತಿರ ಹೋಗುವ ಮೊದಲೇ ಆ ಸದ್ದು ಕೇಳಿಸಿತು. ನಿಂತುಕೊಂಡೇ ಎಚ್ಚರವಿದ್ದ ಎತ್ತು, ಗಾಢ ನಿದ್ದೆಯಲ್ಲಿದ್ದ ಮನುಷ್ಯನ ಹಾಗೆ ಗೊರಕೆ ಹೊಡೆಯುತ್ತಿತ್ತು. ಮೂಗಿನಿಂದ ಲೋಳೆ ಇಳಿದಿತ್ತು, ಅದರಲ್ಲಿ ರಕ್ತದ ಎಳೆ. ದನಗಳ ಮೂಗಿನ ರಕ್ತನಾಳದಲ್ಲಿ ಮನೆ ಮಾಡುವ ಒಂದು ಜಾತಿ ಇದೆ, ಅದರ ತತ್ತಿ ಮೂಗಿನ ಲೋಳೆಯಲ್ಲಿ ಬರುತ್ತದೆ ಎಂದು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ತಾಲೂಕಿನ ದನದ ಡಾಕ್ಟರ್ ಅವರನ್ನು ಕರೆತಂದೆ. ಅವರು ಎತ್ತಿನ ಮೂಗು ಹಿಡಿದು ಲೋಳೆ ತೆಗೆದು ಸಣ್ಣ ಶೀಶೆಯಲ್ಲಿ ಹಾಕಿಕೊಟ್ಟರು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೊಲ್ಹಾಪುರಕ್ಕೆ ಬಂದೆ.

ಮ್ಯಾಡಂ ಮನೆಗೆ ಹೋಗದೆ ಕಾಯುತ್ತಿದ್ದರು. ಅವರೇ ಗಾಜಿನ ಮೇಲೆ ಲೋಳೆ ಹಚ್ಚಿದರು. ನಾನು ನೋಡಲಾರೆ ಎಂದೆ. ಅವರು ನೋಡುತ್ತ ಹೋದರು. ಗಾಜು ಸರಿಸುವ ತಿರುಪಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೊದಲ ಗಾಜಿನಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಗಾಜಿನ ಹೊತ್ತಿಗೆ ಅವರು ತಲೆ ಎತ್ತಿದರು.

"ಬಾ ಇಲ್ಲೆ. ನೀನ ನೋಡು."

ಉದ್ದನೆಯ, ನಡುವೆ ಬಾಗಿದ, ಎರಡು ತುದಿಯೂ ಚೂಪಾದ ತತ್ತಿ. ಅದರ ಪಕ್ಕ ಇನ್ನೊಂದು. ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ, ದನದ ಮೂಗಿನ ಹುಳುವಿನದೇ. ಬೇರೆ ಯಾವುದರ ತತ್ತಿಯೂ ಆ ಆಕಾರದಲ್ಲಿರುವುದಿಲ್ಲ.

"ದನದ್ದ ಐತಿ" ಎಂದರು ಮ್ಯಾಡಂ. "ನಿಮ್ಮ ವೈನಿ ಚರ್ಮದಾಗ ಹೊಕ್ಕವು ಅವತ್ತ ಸತ್ತಾವ."

ನಾನು ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವರು ತಡೆಯಲಿಲ್ಲ. ಅತ್ತು ಮುಗಿದ ಮೇಲೆ, ಸುಳ್ಳು ಹೇಳಿದ್ದರ ಬಗ್ಗೆ ಮಾತಾಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಸಲ್ಲಬೇಕಾದದ್ದೇ ಸಂದಿತು.

ವೈನಿಯ ಜ್ವರಕ್ಕೆ ಕಾರಣ ಮೂತ್ರದ ಸೋಂಕು ಎಂದು ಮರುದಿನದ ವರದಿಯಲ್ಲಿ ಬಂತು. ಬಸುರಿಯರಿಗೆ ಅದು ಬರುವುದುಂಟು, ಹೊಂಡಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರ್. ಮೂರನೆಯ ದಿನ ಜ್ವರ ಇಳಿಯಿತು. ಆದರೂ ನಾನು ಹೊಂಡಕ್ಕೆ ಹೋದ ದಿನದಿಂದ ಆರು ವಾರ ತುಂಬಿದ ಮೇಲೆ ಇನ್ನೊಮ್ಮೆ ರಕ್ತ, ಮೂತ್ರ, ಮಲ ಎಲ್ಲ ತಪಾಸಣೆ ಮಾಡಿಸಬೇಕೆಂದು ಹಠ ಹಿಡಿದೆ. ತತ್ತಿ ನೋಡಿದ ಮೇಲೂ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಒಂದೇ ಹೊಂಡದಲ್ಲಿ ಎರಡು ಜಾತಿ ಇದ್ದರೆ, ನಾವು ನೋಡಿದ್ದು ಒಂದೇ ಆಗಿದ್ದರೆ ಎಂದು ಊಟದ ನಡುವೆ ಕೈ ನಿಲ್ಲುತ್ತಿತ್ತು. ಆ ವರದಿಗಳಲ್ಲಿ ಏನೂ ಬರಲಿಲ್ಲ. ಏರಿದ್ದ ಬಿಳಿಕಣವೂ ಇಳಿದಿತ್ತು.

ಊರಿನಲ್ಲಿ ದನದ ಡಾಕ್ಟರ್ ಎತ್ತಿಗೂ ಉಳಿದ ದನಗಳಿಗೂ ಔಷಧ ಕೊಟ್ಟರು. ನಾನು ಪಂಚಾಯಿತಿಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳನ್ನು ಕೂರಿಸಿ, ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ, ಆ ತುರಿಕೆ ಯಾಕೆ ಬರುತ್ತದೆ ಎಂದು ಹೇಳಿದೆ. ಬಟ್ಟೆ ಒಗೆಯಲು ಹೊಂಡಕ್ಕೆ ಇಳಿಯಬೇಡಿ, ಇಳಿಯಲೇಬೇಕಾದರೆ ಕಾಲು ಮುಚ್ಚಿಕೊಳ್ಳಿ, ಎದ್ದ ಕೂಡಲೇ ಒರೆಸಿಕೊಳ್ಳಿ ಎಂದೆ. ಕೆಲವರು ಕೇಳಿದರು, ಕೆಲವರು ನಕ್ಕರು. ದೊಡವ್ವ ಬರಲಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಅವ್ವನಿಗೂ ವಿಷಯ ತಿಳಿದು, ಇಚಲಕರಂಜಿಯಿಂದ ಅಕ್ಕನಿಗೆ ಫೋನ್ ಮಾಡಿ ಅತ್ತಳಂತೆ.

ಬೇಸಿಗೆಗೆ ಮೊದಲು ವೈನಿಗೆ ಹೆಣ್ಣುಮಗು ಹುಟ್ಟಿತು. ನನಗೆ ಹೇಳಿದ್ದು ಅಣ್ಣ, ದೊಡವ್ವನ ಮಗ. "ಎಲ್ಲಾ ಚಲೋ ಐತಿ, ಬಂದ ನೋಡ್ಕೊಂಡ ಹೋಗು" ಎಂದ. ತಿಂಗಳು ತುಂಬಿದ ಮೇಲೆ ಹೋದೆ. ದೊಡವ್ವ ಬಾಗಿಲು ತೆರೆದು, "ಬಾ" ಎಂದಳು, ನೀರು ಕೊಟ್ಟಳು, ಒಳಗೆ ಹೋದಳು. ಅದು ಐದು ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಮಾತು.

ವೈನಿ ಬಾಣಂತಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು, ದನಿ ತಗ್ಗಿಸಿ ಕೇಳಿದಳು.

"ಅಕ್ಕಾರ, ಒಂದ ಕೇಳ್ತೇನಿ. ಅವತ್ತ ನಾ ಸೀರಿ ಸಿಗಿಸಿ ಇಳಿಯಾಕತ್ತಾಗ, ಬ್ಯಾಡ ಅನಬೇಕಂತ ನಿಮ್ಮ ಮನಸಿನ್ಯಾಗ ಬಂದಿತ್ತ?"

ದವಾಖಾನೆಯಲ್ಲಿ ಅವಳಿಗೆ ಎಲ್ಲ ಕೇಳಿಸಿತ್ತು ಎಂದು ಆಗ ಗೊತ್ತಾಯಿತು.

"ಬಂದಿತ್ತು" ಎಂದೆ.

"ಮತ್ತ?"

"ಡಬ್ಬಿ ತುಂಬಾಕತ್ತಿತ್ತು, ವೈನಿ."

ಅವಳು ಕೆಳಗೆ ನೋಡುತ್ತ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. "ಒಂದ ಮಾತ ಅಂದಿದ್ರ ನಾ ಇಳೀತಿದ್ದಿಲ್ರಿ" ಎಂದಳು. ಅಷ್ಟರಲ್ಲಿ ಮಗು ಎಚ್ಚರವಾಗಿ ಅಳಲು ಶುರುಮಾಡಿತು. ಅವಳು ತೊಟ್ಟಿಲಿನಿಂದ ಮಗುವನ್ನು ಎತ್ತಿ, ಸಮಾಧಾನ ಮಾಡಿ, ಏನೋ ಯೋಚಿಸಿದವಳಂತೆ ನನ್ನ ಕಡೆ ಚಾಚಿದಳು.

"ಹಿಡೀರಿ. ನಾ ತೊಟ್ಟಲದಾನ ದುಪ್ಪಟಿ ಬದಲಿಸ್ತೇನಿ."

ನಾನು ಕೈ ಮುಂದೆ ಮಾಡಿ ಹಿಂದಕ್ಕೆ ತೆಗೆದುಕೊಂಡೆ. ಮುಂಜಾನೆಯಷ್ಟೇ ಪ್ರಯೋಗಾಲಯದ ಬಸವನಹುಳುಗಳ ತೊಟ್ಟಿಗಳಿಗೆ ನೀರು ತುಂಬಿ ಬಂದಿದ್ದೆ. "ತಡೀರಿ ವೈನಿ, ಕೈ ತೊಳಕೊಂಡ ಬರ್ತೇನಿ" ಎಂದು ಬಚ್ಚಲಿಗೆ ಹೋದೆ. ಸಾಬೂನು ಹಚ್ಚಿ ಮೊಣಕೈ ತನಕ ಮೂರು ಸಲ ತೊಳೆದೆ. ವೈನಿ ಒಳಗಿನಿಂದ "ಸಾಕ ಬರ್ರಿ ಅಕ್ಕಾರ, ಎಷ್ಟ ತೊಳೀತೀರಿ" ಎಂದು ಕರೆದಳು. ಹೋಗಿ ಮಗುವನ್ನು ಎತ್ತಿಕೊಂಡೆ. ಮಗು ಬಾಯಿ ತೆರೆದು ಇನ್ನೊಮ್ಮೆ ಅತ್ತಿತು, ಮೈ ಬೆಚ್ಚಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು.